ಅರಸನಿಲ್ಲದ ಕುಲ: ತೆಕೆ ತುರ್ಕಮೆನರ ಕಥೆ

ಪರ್ಷಿಯಾದ ಷಾ 1860ರಲ್ಲಿ ಮರ್ವ್ ಪ್ರದೇಶದ ಮೇಲೆ ದೊಡ್ಡ ದಂಡನ್ನು ಕಳಿಸಿದ. ಅದರಲ್ಲಿ ತೋಪುಗಳಿದ್ದವು, ಕಾಲಾಳುಗಳಿದ್ದರು. ಗೆಲುವನ್ನು ಚಿತ್ರಗಳಲ್ಲಿ ಹಿಡಿದು ತರಲೆಂದು ಬ್ಲೋಕ್‌ವಿಲ್ ಎಂಬ ಫ್ರೆಂಚ್ ಛಾಯಾಗ್ರಾಹಕನೂ ಜೊತೆಗೆ ಹೊರಟಿದ್ದ. ಎದುರಿಗಿದ್ದವರು ತೆಕೆ ಎಂಬ ತುರ್ಕಮೆನ್ ಬುಡಕಟ್ಟಿನವರು. ಅವರಿಗೆ ಅರಸನಿರಲಿಲ್ಲ, ಖಜಾನೆ ಇರಲಿಲ್ಲ, ಸಂಬಳ ಕೊಟ್ಟು ಸಾಕಿದ ಸೈನ್ಯವೂ ಇರಲಿಲ್ಲ. ಆದರೂ ಷಾನ ದಂಡು ನುಚ್ಚುನೂರಾಯಿತು. ಸೆರೆ ಸಿಕ್ಕ ಸೈನಿಕರ ಸಂಖ್ಯೆ ಎಷ್ಟಿತ್ತೆಂದರೆ, ಖಿವಾ, ಬುಖಾರಾಗಳ ಗುಲಾಮರ ಸಂತೆಯಲ್ಲಿ ಮನುಷ್ಯರ ಬೆಲೆಯೇ ಬಿದ್ದುಹೋಯಿತು. ಬ್ಲೋಕ್‌ವಿಲ್ ಕೂಡ ಸೆರೆಯಾದ. ಹದಿನಾಲ್ಕು ತಿಂಗಳು ತೆಕೆಯವರ ಗುಡಾರಗಳ ನಡುವೆ ಕಳೆದು, ಬಿಡುಗಡೆಯ ಹಣ ಸಂದಾಯವಾದ ಮೇಲೆ ಊರಿಗೆ ಮರಳಿ, ಕಂಡದ್ದನ್ನೆಲ್ಲ 1866ರಲ್ಲಿ ಪ್ಯಾರಿಸಿನ ಪ್ರವಾಸ ಪತ್ರಿಕೆಯೊಂದರಲ್ಲಿ ಬರೆದ.

ತೆಕೆಯವರ ಬಗ್ಗೆ ಹೊರಜಗತ್ತಿಗೆ ಸಿಕ್ಕ ಬರವಣಿಗೆಯೆಲ್ಲ ಹೆಚ್ಚುಕಡಿಮೆ ಇಂಥದ್ದೇ. ಅವರ ಕೈಗೆ ಸಿಕ್ಕಿಬಿದ್ದವರು ಬರೆದದ್ದು, ಅವರನ್ನು ಗೆಲ್ಲಲು ಬಂದವರು ಬರೆದದ್ದು, ಅವರ ರತ್ನಗಂಬಳಿ ಕೊಂಡವರು ಬರೆದದ್ದು. ಹೀಗಾಗಿ ಈ ಜನ ಒಮ್ಮೆ ಕ್ರೂರ ದರೋಡೆಕೋರರಾಗಿ, ಇನ್ನೊಮ್ಮೆ ಮರುಕಕ್ಕೆ ಪಾತ್ರರಾದ ಸೋತವರಾಗಿ ಕಾಣಿಸುತ್ತಾರೆ. ಅರಸನಿಲ್ಲದೆ ಒಂದು ಸಮಾಜ ಮರುಭೂಮಿಯ ಅಂಚಿನಲ್ಲಿ ತಲೆಮಾರುಗಳ ಕಾಲ ಹೇಗೆ ಬಾಳಿತು ಎಂಬ ಪ್ರಶ್ನೆ ಎರಡೂ ಚಿತ್ರಗಳ ಹಿಂದೆ ಮರೆಯಾಗುತ್ತದೆ.

ತುರ್ಕಮೆನರು ಒಗುಜ್ ತುರ್ಕರ ಸಂತತಿ. ಹನ್ನೊಂದನೆಯ ಶತಮಾನದಲ್ಲಿ ಮಹಮೂದ್ ಕಾಷ್ಗರಿ ತನ್ನ ತುರ್ಕಿ ನಿಘಂಟಿನಲ್ಲಿ ಒಗುಜರ 22 ಕುಲಗಳನ್ನು ಪಟ್ಟಿ ಮಾಡಿದ್ದಾನೆ. ಇದೇ ಒಗುಜರಿಂದ ಎದ್ದ ಸೆಲ್ಜೂಕರು 1040ರಲ್ಲಿ ಮರ್ವ್ ಸಮೀಪದ ದಂದಾನಖಾನ್‌ನಲ್ಲಿ ಘಜ್ನಿಯ ಮಸೂದನನ್ನು, ಅಂದರೆ ಸೋಮನಾಥವನ್ನು ಸೂರೆಗೈದ ಮಹಮೂದನ ಮಗನನ್ನು, ಸೋಲಿಸಿದರು. ಒಗುಜರ ಇನ್ನೊಂದು ಕವಲಾದ ಕಾರಾ ಕೊಯುನ್ಲು ತುರ್ಕಮೆನರ ವಂಶದವರೇ ಗೋಲ್ಕೊಂಡದ ಕುತುಬ್ ಷಾಹಿಗಳು. ಅವರ ಪೈಕಿ ಇಬ್ರಾಹಿಂ ಪಟ್ಟಕ್ಕೆ ಬರುವ ಮೊದಲು ಏಳು ವರ್ಷ ವಿಜಯನಗರದ ಆಶ್ರಯದಲ್ಲಿದ್ದ. ಪಶ್ಚಿಮಕ್ಕೂ ದಕ್ಷಿಣಕ್ಕೂ ಹೋದ ಒಗುಜರು ಹೀಗೆ ಸಿಂಹಾಸನ ಕಟ್ಟಿಕೊಂಡರು. ಕಾರಾಕುಮ್ ಮರುಭೂಮಿಯ ಸುತ್ತ ಉಳಿದವರು ತೆಕೆ, ಯೋಮುತ್, ಎರ್ಸಾರಿ, ಸಾರಿಕ್, ಸಾಲೋರ್, ಗೋಕ್ಲೆನ್, ಚೌದೂರ್ ಎಂಬ ಕುಲಗಳಾಗಿ ಹರಡಿಕೊಂಡರು. ತೆಕೆಯವರು ಕ್ಯಾಸ್ಪಿಯನ್ ಸಮುದ್ರದ ಕಡೆಯಿಂದ ಪೂರ್ವಕ್ಕೆ ಸರಿದು, ಹದಿನೆಂಟನೆಯ ಶತಮಾನದಲ್ಲಿ ಅಖಾಲ್‌ನಲ್ಲಿ ನೆಲೆಯೂರಿದರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅವರದೇ ಒಂದು ಭಾಗ ಸಾರಿಕರನ್ನು ಹಿಂದಕ್ಕೆ ತಳ್ಳಿ ಮುರ್ಗಾಬ್ ನದಿಯ ಮರ್ವ್ ಪ್ರದೇಶವನ್ನು ಹಿಡಿಯಿತು.

ಅಖಾಲ್ ಎಂದರೆ ಕೊಪೆತ್ ದಾಗ್ ಬೆಟ್ಟಸಾಲಿನ ಬುಡಕ್ಕೆ ಅಂಟಿಕೊಂಡ ಸಣ್ಣ ಹಸಿರು ಪಟ್ಟಿ. ಒಂದು ಕಡೆ ಬೋಳು ಬೆಟ್ಟ, ಇನ್ನೊಂದು ಕಡೆ ಕಣ್ಣು ಹಾಯುವಷ್ಟು ದೂರವೂ ಮರಳು. ಬೆಟ್ಟದಿಂದ ಇಳಿಯುವ ತೊರೆಗಳು ಸ್ವಲ್ಪ ದೂರ ಹರಿದು ಮರಳಿನಲ್ಲಿ ಇಂಗಿಹೋಗುತ್ತವೆ. ತೊರೆಯಿಲ್ಲದ ಕಡೆ ನೆಲದಡಿಯ ನೀರನ್ನು ಸುರಂಗ ಕೊರೆದು ಇಳಿಜಾರಿನಲ್ಲಿ ಹರಿಸಿಕೊಳ್ಳುತ್ತಿದ್ದರು. ಆ ಸುರಂಗ ನಾಲೆಗೆ ಅಲ್ಲಿ ಕೆರಿಜ್ ಎನ್ನುತ್ತಾರೆ. ಬೀದರಿನ ನೌಬಾದ್ ಬಳಿ ಇರುವ, ಬಹಮನಿ ಕಾಲದ ಕಾರೇಜ್ ಇದೇ ಜಾತಿಯದು. ಅದರ ವಿದ್ಯೆ ಬಂದದ್ದು ಪರ್ಷಿಯಾದಿಂದ.

ಇಂಥ ಕಡೆ ನೆಲಕ್ಕಿಂತ ನೀರೇ ಆಸ್ತಿ. ತೆಕೆಯವರಲ್ಲಿ ಸಾನಾಶಿಕ್ ಎಂಬ ಪದ್ಧತಿ ಇತ್ತು. ಊರಿನ ನೀರು ಮತ್ತು ನೀರು ಹಾಯುವ ಹೊಲ ಎಲ್ಲರಿಗೂ ಸೇರಿದ್ದು. ಮದುವೆಯಾದ ಪ್ರತಿ ಗಂಡಸಿಗೂ ಅದರಲ್ಲೊಂದು ಪಾಲು. ಕಾಲಕಾಲಕ್ಕೆ ಲೆಕ್ಕ ಹಾಕಿ ಪಾಲುಗಳನ್ನು ಮತ್ತೆ ಹಂಚುತ್ತಿದ್ದರು. ಹೊಸ ಮದುವೆಗಳಾದಂತೆ ಪಾಲುಗಳು ಹೆಚ್ಚುತ್ತಿದ್ದವು, ಪ್ರತಿ ಪಾಲೂ ಕಿರಿದಾಗುತ್ತಿತ್ತು. ನೀರಿನ ಆಸೆಗೆ ಉಳ್ಳವರು ಎಳೆಯ ಹುಡುಗರಿಗೂ ಮದುವೆ ಮಾಡಿಸಿಬಿಡುತ್ತಿದ್ದುದೂ ಉಂಟು. ಸಮಪಾಲಿನ ಏರ್ಪಾಡಿನಲ್ಲೂ ಸಿರಿವಂತಿಕೆ ತನ್ನ ದಾರಿ ಹುಡುಕಿಕೊಳ್ಳುತ್ತದೆ. ಯಾರ ಹೊಲಕ್ಕೆ ಯಾವ ಹೊತ್ತು ನೀರು ಬಿಡಬೇಕೆಂದು ನೋಡಿಕೊಳ್ಳಲು ಮಿರಾಬ್ ಇರುತ್ತಿದ್ದ. ಅವನು ಊರವರೇ ಆರಿಸಿದ ಮನುಷ್ಯ, ನಮ್ಮ ಕೆರೆಯಂಗಳದ ನೀರುಗಂಟಿಯ ಹಾಗೆ. ತೆಕೆ ಸಮಾಜದಲ್ಲಿ ದಿನನಿತ್ಯವೂ ಅಧಿಕಾರ ಚಲಾಯಿಸುತ್ತಿದ್ದವನು ಬಹುಶಃ ಇವನೊಬ್ಬನೇ.

ಉಳಿದ ಅಧಿಕಾರಗಳೆಲ್ಲ ಸಡಿಲವಾಗಿದ್ದವು. ಹಿರಿಯರನ್ನು ಬಿಳಿಗಡ್ಡದವರೆಂದು ಕರೆದು ಗೌರವಿಸುತ್ತಿದ್ದರು, ಅವರ ಮಾತು ಕೇಳುತ್ತಿದ್ದರು. ಕೇಳಲೇಬೇಕೆಂಬ ಕಟ್ಟಳೆ ಇರಲಿಲ್ಲ. ದಾಳಿ ಬಂದಾಗ ಒಬ್ಬ ಸರ್ದಾರನನ್ನೋ ಖಾನನನ್ನೋ ಆರಿಸುತ್ತಿದ್ದರು. ಯುದ್ಧ ಮುಗಿದ ಮೇಲೆ ಅವನ ಪ್ರಭಾವ ಅವನ ಯೋಗ್ಯತೆ ಇದ್ದಷ್ಟು ದಿನ ಮಾತ್ರ. ಒಂದೇ ಮನೆಯ ಅಣ್ಣ ಚೋಮುರ್, ಅಂದರೆ ಹೊಲ ಉಳುವವನು. ತಮ್ಮ ಚಾರ್ವಾ, ಅಂದರೆ ಕುರಿ ಒಂಟೆಗಳೊಂದಿಗೆ ಮರಳಿಗೆ ಹೋಗುವವನು. ಹೊರಗಿನ ದೊರೆ ಕಂದಾಯಕ್ಕೆ ಬಂದರೆ ಹೊಲದವನೂ ಗುಡಾರ ಕಿತ್ತು ಮರುಭೂಮಿಯೊಳಗೆ ಸೇರಿಬಿಡಬಹುದಿತ್ತು. ತೆಕೆಯವರ ಸ್ವಾತಂತ್ರ್ಯಕ್ಕೆ ಈ ದಾರಿಯೇ ಮುಖ್ಯ ಆಸರೆಯಾಗಿತ್ತೆಂದು ತೋರುತ್ತದೆ. ಕುಲ ಕುಲಗಳ ನಡುವೆ ರಕ್ತದ್ವೇಷ ಹೊತ್ತಿಕೊಂಡಾಗ ತಣ್ಣಗೆ ಮಾಡಲು ಓವ್ಲಾತ್ ಎಂಬ ಪವಿತ್ರ ವಂಶಗಳಿದ್ದವು. ಮೊದಲ ಖಲೀಫರ ಸಂತತಿ ಎಂದು ಹೇಳಿಕೊಳ್ಳುವ ಇವರ ಮೇಲೆ ಯಾರೂ ಕೈ ಎತ್ತುತ್ತಿರಲಿಲ್ಲ.

ಈ ಸ್ವಾತಂತ್ರ್ಯದ ಕರಾಳ ಮುಖವನ್ನೂ ಹೇಳಲೇಬೇಕು. ಅಲಾಮಾನ್ ಎಂಬ ಸೂರೆಯ ದಾಳಿ ತೆಕೆಯವರ ಬದುಕಿನ ಭಾಗವಾಗಿತ್ತು. ಸವಾರರು ಬೆಟ್ಟ ದಾಟಿ ಉತ್ತರ ಪರ್ಷಿಯಾದ ಹಳ್ಳಿಗಳ ಮೇಲೆ ಬೀಳುತ್ತಿದ್ದರು, ಹೊಲದಲ್ಲಿದ್ದ ರೈತರನ್ನು, ಹೆಂಗಸರನ್ನು, ಮಕ್ಕಳನ್ನು ಕಟ್ಟಿಕೊಂಡು ಒಯ್ದು ಖಿವಾ, ಬುಖಾರಾಗಳಲ್ಲಿ ಮಾರುತ್ತಿದ್ದರು. ಪರ್ಷಿಯನ್ನರು ಷಿಯಾಗಳು, ಆದ್ದರಿಂದ ಅವರನ್ನು ಗುಲಾಮರಾಗಿಸಬಹುದು ಎಂಬ ಧಾರ್ಮಿಕ ನೆಪವೂ ಸಿದ್ಧವಾಗಿತ್ತು. 1863ರಲ್ಲಿ ದರವೇಶಿಯ ವೇಷದಲ್ಲಿ ಈ ನಾಡನ್ನು ದಾಟಿದ ಹಂಗೇರಿಯ ವಿದ್ವಾಂಸ ಆರ್ಮಿನಿಯಸ್ ವಾಂಬೆರಿ ಸಂಕೋಲೆ ತೊಟ್ಟ ಪರ್ಷಿಯನ್ ಸೆರೆಯಾಳುಗಳನ್ನು ತುರ್ಕಮೆನ್ ಗುಡಾರಗಳಲ್ಲೇ ಕಂಡ. ತಮ್ಮೊಳಗೆ ಯಾರಿಗೂ ತಲೆಬಾಗದ ಜನ ಇತರರ ತಲೆಗೆ ಬೆಲೆ ಕಟ್ಟುತ್ತಿದ್ದರು. ತೆಕೆಯವರನ್ನು ಪ್ರೀತಿಯಿಂದ ನೋಡುವ ಯಾರೂ ಈ ಸಂಗತಿಯನ್ನು ಬದಿಗಿಡಬಾರದು.

ದಾಳಿಗೆ ಬೇಕಾದದ್ದು ಕುದುರೆ. ತೆಕೆಯವರು ಬೆಳೆಸಿದ ತಳಿಗೆ ಇಂದು ಅಖಾಲ್-ತೆಕೆ ಎಂದೇ ಹೆಸರು. ತೆಳುವಾದ ಉದ್ದ ಕುತ್ತಿಗೆ, ಸಣ್ಣ ನಡು, ಲೋಹದಂತೆ ಹೊಳೆಯುವ ಮೈ. ಇಲ್ಲಿ ವಿಶಾಲ ಹುಲ್ಲುಗಾವಲು ಇಲ್ಲವಾದ್ದರಿಂದ ಮಂದೆ ಕಟ್ಟಿ ಬಿಡುವ ಮಾತೇ ಇರಲಿಲ್ಲ. ಒಂದೆರಡು ಕುದುರೆಗಳನ್ನು ಗುಡಾರದ ಪಕ್ಕದಲ್ಲೇ ಕಟ್ಟಿ, ಕುದುರೆಮಸಾಲೆ ಸೊಪ್ಪು, ಬಾರ್ಲಿ, ಕುರಿಯ ಕೊಬ್ಬು ಕೈಯಾರೆ ತಿನ್ನಿಸಿ, ಮೈಮೇಲೆ ದಪ್ಪ ಉಣ್ಣೆ ಹೊದಿಕೆ ಹೊದಿಸಿ ಸಾಕುತ್ತಿದ್ದರು. ಕುದುರೆಯ ವಂಶಾವಳಿ ಮನೆಯವರ ಬಾಯಲ್ಲೇ ಇರುತ್ತಿತ್ತು.

ಗಂಡಸರ ಹೆಮ್ಮೆ ಲಾಯದಲ್ಲಿದ್ದರೆ ಹೆಂಗಸರ ಕಸುಬು ಗುಡಾರದಲ್ಲಿತ್ತು. ನೆಲಕ್ಕೆ ಗೂಟ ಹೊಡೆದು ಕಟ್ಟಿದ ಮಗ್ಗ. ವಲಸೆ ಹೊರಡುವಾಗ ಅರ್ಧ ನೇಯ್ದ ಕಂಬಳಿಯನ್ನು ಸುತ್ತಿ ಒಂಟೆಯ ಮೇಲೇರಿಸಿ, ಹೊಸ ಜಾಗದಲ್ಲಿ ಮತ್ತೆ ಬಿಚ್ಚಿ ಮುಂದುವರಿಸುತ್ತಿದ್ದರು. ಮಂಜಿಷ್ಠದ ಬೇರಿನಿಂದ ಕೆಂಪು, ನೀಲಿಯಿಂದ ಕಡುನೀಲ, ದಾಳಿಂಬೆ ಸಿಪ್ಪೆಯಂಥವುಗಳಿಂದ ಹಳದಿ. ಆ ಕೆಂಪು ನೆಲದ ಮೇಲೆ ಸಾಲುಸಾಲಾಗಿ ಎಂಟು ಮೂಲೆಯ ಗೋಲ್ ಎಂಬ ಗುರುತು. ಪ್ರತಿ ಕುಲಕ್ಕೂ ಅದರದೇ ಗೋಲ್. ತೆಕೆ ಗೋಲನ್ನು ಉದ್ದಗೆರೆ, ಅಡ್ಡಗೆರೆಗಳು ನಾಲ್ಕಾಗಿ ಸೀಳುತ್ತವೆ, ಅವೇ ಗೆರೆಗಳು ಮುಂದೆ ಸಾಗಿ ಪಕ್ಕದ ಗೋಲನ್ನು ಮುಟ್ಟುತ್ತವೆ. ಬಾಗಿಲ ಪರದೆಯಾದ ಎನ್ಸಿ, ಬಟ್ಟೆಬರೆ ತುಂಬುವ ಚುವಾಲ್, ಸಣ್ಣ ಚೀಲವಾದ ತೋರ್ಬಾ, ಹೀಗೆ ಗುಡಾರದ ಸಾಮಾನುಗಳೆಲ್ಲ ನೇಯ್ಗೆಯವೇ. ಸೋತ ಕುಲದ ಗೋಲನ್ನು ಗೆದ್ದ ಕುಲ ಸಣ್ಣದಾಗಿಸಿ ತನ್ನ ಚೀಲಗಳ ಮೇಲೆ ಬಳಸಿಕೊಳ್ಳುತ್ತಿತ್ತು ಎಂಬುದು ಸೋವಿಯತ್ ಕಾಲದ ಸಂಶೋಧಕಿ ವಾಲೆಂತೀನಾ ಮೊಷ್ಕೋವಾ ಅವರ ವಾದ. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ಆದರೆ ಸಾಲೋರರು ತಮ್ಮ ಹಿರಿಮೆಯನ್ನು ಕಳೆದುಕೊಂಡ ಮೇಲೆ ಅವರ ಗೋಲ್ ಬೇರೆ ಕುಲಗಳ ಚೀಲಗಳ ಮೇಲೆ ಕಾಣಿಸಿಕೊಂಡದ್ದು ಮಾತ್ರ ನಿಜ. ಹೆಂಗಸಿನ ಉಡುಪಿನಲ್ಲೂ ಬಾಳಿನ ಲೆಕ್ಕ ಓದಬಹುದಿತ್ತು: ತಲೆಯಿಂದ ಬೆನ್ನಿಗೆ ಇಳಿಬಿಡುವ ಕಸೂತಿಯ ಚಿರ್ಪಿ ಮೇಲಂಗಿ ಎಳೆಯ ಪ್ರಾಯದಲ್ಲಿ ಕಡುನೀಲಿ ಅಥವಾ ಕಪ್ಪು, ನಡುವಯಸ್ಸಿನಲ್ಲಿ ಹಳದಿ, ಮುಪ್ಪಿನಲ್ಲಿ ಬಿಳಿ.

ರಷ್ಯಾ 1869ರಲ್ಲಿ ಕ್ಯಾಸ್ಪಿಯನ್ ಸಮುದ್ರದ ಪೂರ್ವದಂಡೆಯಲ್ಲಿ ಕ್ರಾಸ್ನೊವೊದ್ಸ್ಕ್ ಕೋಟೆ ಕಟ್ಟಿತು. 1873ರಲ್ಲಿ ಖಿವಾ ಬಿತ್ತು. ಅಲ್ಲಿಗೆ ಗುಲಾಮರ ಸಂತೆಯೂ ಮುಚ್ಚಿತು. ತೆಕೆಯವರಿಗೆ ಮುಂದಿನ ಸರದಿ ತಮ್ಮದೆಂದು ತಿಳಿಯಿತು.

1879ರಲ್ಲಿ ಜನರಲ್ ಲಾಜರೆವ್ ನೇತೃತ್ವದಲ್ಲಿ ಮೊದಲ ದಂಡು ಹೊರಟಿತು. ದಾರಿಯಲ್ಲೇ ಅವನು ಕಾಯಿಲೆ ಬಿದ್ದು ಸತ್ತ, ಅವನ ಜಾಗಕ್ಕೆ ಲೊಮಾಕಿನ್ ಬಂದ. ಅಖಾಲದ ತೆಕೆಯವರು ಗೋಕ್‌ದೆಪೆಯ ದೆಂಗಿಲ್ ದಿಬ್ಬದ ಸುತ್ತ ಮಣ್ಣಿನ ಗೋಡೆ ಎಬ್ಬಿಸಿ ಸಂಸಾರ ಸಮೇತ ಒಳಗೆ ಸೇರಿದ್ದರು. ಸೆಪ್ಟೆಂಬರ್ 9ರಂದು ಲೊಮಾಕಿನ್ ಜನ ಕಿಕ್ಕಿರಿದ ಆ ಆವರಣದೊಳಕ್ಕೆ ತೋಪು ಹಾರಿಸಿದ. ಮಕ್ಕಳನ್ನು ಎತ್ತಿಕೊಂಡು ಹೊರಗೋಡಿದ ಹೆಂಗಸರನ್ನು ಅವನ ಕುದುರೆ ಪಡೆ ಮತ್ತೆ ಗುಂಡಿನ ಮಳೆಗೇ ಅಟ್ಟಿತು. ಸಂಜೆಯ ಹೊತ್ತಿಗೆ ಅವನು ಕಾಲಾಳುಗಳನ್ನು ಗೋಡೆ ಹತ್ತಿಸಲು ನೋಡಿದ. ತಪ್ಪಿಸಿಕೊಳ್ಳುವ ದಾರಿಯೇ ಇಲ್ಲದ ತೆಕೆಯವರು ಕತ್ತಿ ಹಿರಿದು ಮೇಲೆಬಿದ್ದರು. ಸುಮಾರು 200 ಮಂದಿಯನ್ನು ಕಳೆದುಕೊಂಡು ರಷ್ಯದ ದಂಡು ಕಾಲ್ತೆಗೆಯಿತು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಖಿವಾಗೆ ಹೋದ ದಂಡು ನಾಶವಾದ ನಂತರ ಮಧ್ಯ ಏಷ್ಯಾದಲ್ಲಿ ರಷ್ಯಕ್ಕೆ ಇಂಥ ಸೋಲು ಆಗಿರಲಿಲ್ಲ.

ಚಕ್ರವರ್ತಿ ಎರಡನೆಯ ಅಲೆಕ್ಸಾಂಡರ್ ಈ ಸಲ ಆರಿಸಿದ್ದು ಮಿಖಾಯಿಲ್ ಸ್ಕೊಬೆಲೆವ್‌ನನ್ನು. ತುರ್ಕಿ ಯುದ್ಧದ ವೀರ, ಬಿಳಿ ಸಮವಸ್ತ್ರ ತೊಟ್ಟು ಬಿಳಿ ಕುದುರೆ ಏರುವವನು, ವಯಸ್ಸಿನ್ನೂ ಮೂವತ್ತಾರು. ಅವನಿಗೆ ಅವಸರವಿರಲಿಲ್ಲ. ಸಾಮಗ್ರಿ ಸಾಗಿಸಲು ಕ್ಯಾಸ್ಪಿಯನ್ ದಂಡೆಯಿಂದ ರೈಲು ಹಳಿ ಹಾಸುವ ಕೆಲಸ ಶುರುವಾಯಿತು. ಸಾವಿರಾರು ಒಂಟೆಗಳನ್ನು ಕೂಡಿಹಾಕಲಾಯಿತು. ತಾಷ್ಕೆಂಟಿನ ಕಡೆಯಿಂದ ಮರಳು ದಾಟಿಕೊಂಡು ಕುರೊಪಾಟ್ಕಿನ್‌ನ ತುಕಡಿ ಬಂದು ಸೇರಿತು. ಈತನೇ ಮುಂದೆ ಜಪಾನಿನ ಎದುರು ಮಂಚೂರಿಯಾದಲ್ಲಿ ಸೋತ ದಂಡನಾಯಕ. ಇತ್ತ ತೆಕೆಯವರ ಹಿರಿಯ ಖಾನ್ ನೂರ್ಬೆರ್ದಿ 1880ರಲ್ಲಿ ತೀರಿಕೊಂಡಿದ್ದ. ಅವನ ಮಗ ಮಖ್ತುಮ್‌ಕುಲಿ ಖಾನ್ ಇನ್ನೂ ತರುಣ. ಯುದ್ಧದ ಭಾರ ಹೊತ್ತವನು ದಿಕ್ಮಾ ಸರ್ದಾರ್. ಬಯಲಿನ ಹಳ್ಳಿಗಳನ್ನೆಲ್ಲ ತೊರೆದು ಜನ ಮತ್ತೆ ಗೋಕ್‌ದೆಪೆಯ ಗೋಡೆಯೊಳಗೆ ಕೂಡಿಕೊಂಡರು. ನಾಲ್ಕು ಕಿಲೋಮೀಟರಿಗೂ ಮಿಕ್ಕಿದ ಸುತ್ತಳತೆಯ ಆ ಕೋಟೆಯಲ್ಲಿ ಸಾವಿರಾರು ಗುಡಾರಗಳು, ಹತ್ತಾರು ಸಾವಿರ ಜನ. ಮರುಭೂಮಿಯೊಳಗೆ ಚೆದುರಿಹೋಗುವುದೇ ತೆಕೆಯವರ ಹಳೆಯ ಬಲವಾಗಿತ್ತು. ಹಿಂದಿನ ವರ್ಷದ ಗೆಲುವು ಆ ಬಲವನ್ನು ಮರೆಯಿಸಿ, ಗೋಡೆಯನ್ನು ನಂಬುವಂತೆ ಮಾಡಿತು.

ಮುತ್ತಿಗೆ 1881ರ ಜನವರಿಯ ಮೊದಲ ವಾರದಲ್ಲಿ ಬಿಗಿಯಾಯಿತು. ರಷ್ಯನ್ನರು ಕಂದಕ ತೋಡುತ್ತ ಗೋಡೆಯ ಹತ್ತಿರ ಹತ್ತಿರ ಸರಿದರು. ರಾತ್ರಿ ಹೊತ್ತು ತೆಕೆಯವರು ಸದ್ದಿಲ್ಲದೆ ಗೋಡೆಯಿಳಿದು ಕಂದಕಗಳಿಗೆ ನುಗ್ಗಿ ಕತ್ತಿಯಿಂದ ಕಡಿದರು. ಒಂದು ದಾಳಿಯಲ್ಲಿ ಅಪ್ಶೆರೋನ್ ರೆಜಿಮೆಂಟಿನ ಬಾವುಟವೇ ಅವರ ವಶವಾಯಿತು. ತೋಪೂ ಸಿಕ್ಕಿತು, ಹಾರಿಸುವ ವಿದ್ಯೆ ಗೊತ್ತಿರಲಿಲ್ಲ. ಸೆರೆಸಿಕ್ಕ ಅಗಾಫೊನ್ ನಿಕೀತಿನ್ ಎಂಬ ತೋಪಿನವನು ಅದನ್ನು ಹೇಳಿಕೊಡಲು ಒಪ್ಪದೆ ಚಿತ್ರಹಿಂಸೆಯಲ್ಲಿ ಸತ್ತ. ಗೋಡೆಯ ಎರಡೂ ಬದಿಯ ಜನರ ಎದೆಗಾರಿಕೆ ಒಂದೇ ತೂಕದ್ದು. ವ್ಯತ್ಯಾಸವಿದ್ದದ್ದು ಬಂದೂಕಿನಲ್ಲಿ, ಮದ್ದಿನಲ್ಲಿ.

ಜನವರಿ 24ರ ಹಗಲು, ಗೋಡೆಯಡಿಗೆ ಕೊರೆದ ಸುರಂಗದಲ್ಲಿ ಒಂದು ಟನ್ನಿಗೂ ಹೆಚ್ಚು ಮದ್ದು ಸಿಡಿಯಿತು. ಗೋಡೆಯ ಒಂದು ಭಾಗ ಕಾವಲಿಗಿದ್ದವರ ಸಮೇತ ಮೇಲಕ್ಕೆ ಹಾರಿತು. ಸೈನಿಕ ವಾದ್ಯದವರು ನುಡಿಸುತ್ತಿದ್ದಂತೆಯೇ ರಷ್ಯದ ಪಡೆ ಬಿರುಕಿನಿಂದ ಒಳನುಗ್ಗಿತು. ಮಧ್ಯಾಹ್ನದೊಳಗೆ ಹೋರಾಟ ಮುಗಿದು ಬೇಟೆ ಶುರುವಾಯಿತು. ಉತ್ತರದ ಬಾಗಿಲಿನಿಂದ ಮರಳಿನತ್ತ ಓಡಿದವರನ್ನು ಕುದುರೆ ಪಡೆ ಮೈಲಿಗಟ್ಟಲೆ ಅಟ್ಟಿಸಿಕೊಂಡು ಹೋಗಿ ಗಂಡು ಹೆಣ್ಣೆನ್ನದೆ ಕಡಿಯಿತು. ಕೋಟೆಯೊಳಗೆ 6,500 ಹೆಣಗಳು, ಬೆನ್ನಟ್ಟಿದಾಗ ಸತ್ತವರು 8,000 ಎಂದು ಲೆಕ್ಕ ಕೊಟ್ಟವನು ಸ್ಕೊಬೆಲೆವ್‌ನೇ. ಇಡೀ ಮುತ್ತಿಗೆಯಲ್ಲಿ ಸತ್ತ ರಷ್ಯನ್ನರು ಮುನ್ನೂರರ ಆಸುಪಾಸು. ಅನಂತರ ಹಲವು ದಿನ ಕೋಟೆಯನ್ನು ಸೈನಿಕರ ಸೂರೆಗೆ ಬಿಡಲಾಯಿತು; ರತ್ನಗಂಬಳಿ, ಬೆಳ್ಳಿಯ ಒಡವೆ, ಏನು ಸಿಕ್ಕರೆ ಅದು. ಏಷ್ಯಾದಲ್ಲಿ ಎಷ್ಟು ಹೆಚ್ಚು ಕೊಂದರೆ ಅಷ್ಟು ದೀರ್ಘ ಶಾಂತಿ ಎಂಬುದೇ ತನ್ನ ತತ್ವವೆಂದು ಸ್ಕೊಬೆಲೆವ್ ಮರುವರ್ಷ ಚಾರ್ಲ್ಸ್ ಮಾರ್ವಿನ್ ಎಂಬ ಇಂಗ್ಲಿಷ್ ಲೇಖಕನ ಮುಂದೆ ನಿಸ್ಸಂಕೋಚವಾಗಿ ಹೇಳಿಕೊಂಡ.

ಪೀಟರ್ಸ್‌ಬರ್ಗಿನಲ್ಲಿ ಸಂಭ್ರಮವೋ ಸಂಭ್ರಮ. ದಾಸ್ತೊವ್‌ಸ್ಕಿ ತನ್ನ ‘ಲೇಖಕನ ದಿನಚರಿ’ಯ ಕೊನೆಯ ಸಂಚಿಕೆಯಲ್ಲಿ ಈ ಗೆಲುವನ್ನು ಕೊಂಡಾಡಿ, ರಷ್ಯದ ಭವಿಷ್ಯ ಏಷ್ಯಾದಲ್ಲಿದೆ ಎಂದು ವಾದಿಸಿದ, ಕೆಲವೇ ದಿನಗಳಲ್ಲಿ ತೀರಿಕೊಂಡ. ‘ಕರಮಜೋವ್ ಸಹೋದರರು’ ಕಾದಂಬರಿಯಲ್ಲಿ ಒಂದು ಮಗುವಿನ ಕಣ್ಣೀರಿಗಾಗಿ ತುಡಿದ ಮನಸ್ಸು ಗೋಕ್‌ದೆಪೆಯ ಮಕ್ಕಳನ್ನು ಕಾಣದೆ ಹೋದದ್ದು ಆ ಮಹಾ ಲೇಖಕನನ್ನು ಓದುವವರಿಗೆ ನೋವು ಕೊಡುವ ಸಂಗತಿ.

ಕೋಟೆ ಬಿದ್ದ ದೃಶ್ಯವನ್ನು ದೂರದ ಬೆಟ್ಟದ ಮೇಲಿಂದ ದುರ್ಬೀನಿನಲ್ಲಿ ಕಂಡವನು ಲಂಡನ್ನಿನ ಡೇಲಿ ನ್ಯೂಸ್ ಪತ್ರಿಕೆಯ ವರದಿಗಾರ, ಐರ್ಲೆಂಡಿನ ಎಡ್ಮಂಡ್ ಓ’ಡೊನೊವನ್. ಅಲ್ಲಿಂದ ಅವನು ನೇರ ಮರ್ವ್‌ಗೆ ಹೋದ. ಮರ್ವಿನ ತೆಕೆಯವರು ಮೊದಲು ಅವನನ್ನು ರಷ್ಯದ ಗೂಢಚಾರನೆಂದು ಶಂಕಿಸಿದರು, ಆಮೇಲೆ ಬ್ರಿಟಿಷರ ನೆರವು ತರಬಲ್ಲವನೆಂದು ನಂಬಿದರು, ತಿಂಗಳುಗಟ್ಟಲೆ ಬಿಡಲೇ ಇಲ್ಲ. ಭಾರತದ ಬ್ರಿಟಿಷ್ ಸರ್ಕಾರಕ್ಕೆ ಮರ್ವ್ ಎಂದರೆ ಹೆರಾತಿನ ಹೆಬ್ಬಾಗಿಲು, ಹೆರಾತ್ ಎಂದರೆ ಭಾರತದ ಹೆಬ್ಬಾಗಿಲು. ಲಂಡನ್ನಿನ ಪತ್ರಿಕೆಗಳಲ್ಲಿ ಮರ್ವ್ ದಿನನಿತ್ಯದ ಮಾತಾಗಿತ್ತು. ಆದರೂ ನೆರವು ಬರಲಿಲ್ಲ. ಷಾನ ದಂಡನ್ನು ಮುರಿದ ಕೌಷುತ್ ಖಾನ್ 1878ರಲ್ಲೇ ಸತ್ತಿದ್ದ. ಮುರ್ಗಾಬ್ ದಂಡೆಯಲ್ಲಿ ಅವನು ಆರಂಭಿಸಿದ ದೊಡ್ಡ ಕೋಟೆ ಪೂರ್ತಿಯಾಗಲೇ ಇಲ್ಲ.

ಮರ್ವ್ ಗುಂಡಿಲ್ಲದೆ ಬಿತ್ತು. 1882ರಲ್ಲಿ ದಾಗೆಸ್ತಾನದ ಮುಸ್ಲಿಂ, ರಷ್ಯದ ಸೇನಾಧಿಕಾರಿ ಅಲಿಖಾನೊವ್ ವ್ಯಾಪಾರಿಯ ವೇಷದಲ್ಲಿ ಒಳಹೊಕ್ಕು ಜಾಗದ ನಕ್ಷೆಯನ್ನೂ ಜನರ ಮನಸ್ಸನ್ನೂ ಅಳೆದ. ನೂರ್ಬೆರ್ದಿಯ ವಿಧವೆ ಗುಲ್‌ಜಮಾಲ್ ಖಾನ್ ಶರಣಾಗತಿಯ ಪರ ನಿಂತಳು. ಅರಸಿಯಲ್ಲದಿದ್ದರೂ ಅವಳ ಮಾತಿಗೆ ಮರ್ವಿನಲ್ಲಿ ತೂಕವಿತ್ತು. ಅಖಾಲದಿಂದ ಬದುಕಿ ಬಂದವರು ಹೇಳಿದ್ದನ್ನು ಆಕೆ ಕೇಳಿದ್ದಳು, ಇನ್ನೊಂದು ಗೋಕ್‌ದೆಪೆ ಬೇಡವೆಂದಳು. 1884ರ ಆರಂಭದಲ್ಲಿ ಹಿರಿಯರು ಸಭೆ ಸೇರಿ ತೀರ್ಮಾನಿಸಿ, ಅಶ್ಗಾಬಾದಿಗೆ ಹೋಗಿ ಚಕ್ರವರ್ತಿಗೆ ನಿಷ್ಠೆಯ ಪ್ರಮಾಣ ಮಾಡಿದರು. ಕೆಲವರು ಅವಳನ್ನು ದೂರುತ್ತಾರೆ. ಆದರೆ ಆ ಚಳಿಗಾಲ ಮರ್ವಿನಲ್ಲಿ ಹೆಣಗಳ ರಾಶಿ ಬೀಳಲಿಲ್ಲ ಎಂಬುದೇ ಅವಳ ಪರವಾದ ದೊಡ್ಡ ಸಾಕ್ಷಿ.

ರೈಲು 1885ರಲ್ಲಿ ಅಶ್ಗಾಬಾದಿಗೂ 1886ರಲ್ಲಿ ಮರ್ವಿಗೂ ಬಂತು. ಅಶ್ಗಾಬಾದಿನ ಉತ್ಸವದಲ್ಲಿ ರಷ್ಯನ್ ಸೈನಿಕ ವಾದ್ಯ ಮೊಳಗಿದಾಗ ತೆಕೆ ಹೆಂಗಸರು, ಮಕ್ಕಳು ಗೋಳೋ ಎಂದು ಅಳತೊಡಗಿದರಂತೆ, ಗಂಡಸರು ನೆಲಕ್ಕೆ ಬಿದ್ದರಂತೆ. ಗೋಕ್‌ದೆಪೆಯ ದಿನ ಕೇಳಿದ ಸದ್ದು ಅದು. ಮುಂದೆ ಭಾರತದ ವೈಸರಾಯ್ ಆದ ಕರ್ಜನ್ 1888ರಲ್ಲಿ ಇದೇ ರೈಲಿನಲ್ಲಿ ಪ್ರಯಾಣ ಮಾಡಿದಾಗ ಈ ಸಂಗತಿಯನ್ನು ಕೇಳಿ ತನ್ನ ಪುಸ್ತಕದಲ್ಲಿ ದಾಖಲಿಸಿದ್ದಾನೆ.

ರೈಲಿನೊಂದಿಗೆ ಕಾರ್ಖಾನೆಯ ಬಣ್ಣಗಳೂ ವ್ಯಾಪಾರಿಗಳೂ ಬಂದರು. ಮನೆಗೆಂದು, ಮದುವೆಗೆಂದು ನೇಯುತ್ತಿದ್ದ ಹೆಂಗಸರು ಸಂತೆಗೆಂದು ನೇಯತೊಡಗಿದರು. ಬುಖಾರಾದ ಸಂತೆಯ ಮೂಲಕ ಸಾಗುತ್ತಿದ್ದುದರಿಂದ ತೆಕೆ ಕಂಬಳಿಗೆ ಜಗತ್ತಿನ ಅಂಗಡಿಗಳಲ್ಲಿ ಬುಖಾರಾ ಎಂದೇ ಹೆಸರಾಯಿತು. ನೇಯ್ದವರ ಹೆಸರು ಉಳಿಯಲಿಲ್ಲ. ಹಳೆಯ ನೇಯ್ಗೆ ಕಣ್ಮರೆಯಾಗುತ್ತಿರುವುದನ್ನು ಕಂಡು ಮರುಗಿದವನು ಆ ಪ್ರಾಂತದ ರಷ್ಯನ್ ಆಡಳಿತಗಾರ ಜನರಲ್ ಬೊಗೊಲ್ಯುಬೊವ್. ಅವನು ಕುಲ ಕುಲದ ಕಂಬಳಿಗಳನ್ನು ಸಂಗ್ರಹಿಸಿ, 1908-09ರಲ್ಲಿ ಬಣ್ಣದ ಚಿತ್ರಗಳೊಂದಿಗೆ ಪುಸ್ತಕ ಮಾಡಿದ.

ಗೋಕ್‌ದೆಪೆಯಲ್ಲಿ ಸೋತವರ ಮಕ್ಕಳು ಚಕ್ರವರ್ತಿಯ ಸೈನ್ಯ ಸೇರಿದರು. ಮೊದಲ ಮಹಾಯುದ್ಧದಲ್ಲಿ ತೆಕೆ ಕುದುರೆ ರೆಜಿಮೆಂಟ್ ಹೆಸರು ಮಾಡಿತು. ತುರ್ಕಮೆನ್ ಭಾಷೆ ಬಲ್ಲ ಜನರಲ್ ಕೊರ್ನಿಲೊವ್‌ಗೆ 1917ರಲ್ಲಿ ಮೈಗಾವಲಾಗಿ ನಿಂತವರು ಇವರೇ. ಅವನೊಂದಿಗೆ ಹಿಮದಲ್ಲಿ ದಕ್ಷಿಣಕ್ಕೆ ಹೊರಟು ದಾರಿಯಲ್ಲಿ ಚೆಲ್ಲಾಪಿಲ್ಲಿಯಾದರು. 1918ರಲ್ಲಿ ಅಶ್ಗಾಬಾದ್ ಬೊಲ್ಶೆವಿಕರ ವಿರುದ್ಧ ಎದ್ದಾಗ ಅಲ್ಲಿನ ಪಡೆಗೆ ನಾಯಕನಾದವನು ದಿಕ್ಮಾ ಸರ್ದಾರನ ಮಗ ಓರಾಜ್ ಸರ್ದಾರ್. ಅವನ ನೆರವಿಗೆ ಪರ್ಷಿಯಾದ ಮಷ್ಹದದಿಂದ ಬಂದ ಬ್ರಿಟಿಷ್ ತುಕಡಿಯಲ್ಲಿ ಭಾರತೀಯ ಸಿಪಾಯಿಗಳಿದ್ದರು. 19ನೇ ಪಂಜಾಬಿ ಪಡೆಯವರು ಆ ರೈಲು ದಾರಿಯುದ್ದಕ್ಕೂ ಕಾದಾಡಿದರು.

ಸೋವಿಯತ್ ಆಡಳಿತ ಸಾನಾಶಿಕ್ ಪಾಲುಗಳನ್ನು ಅಳಿಸಿ ಸಾಮೂಹಿಕ ಹೊಲಗಳನ್ನು ತಂದಿತು. ಮನೆಮನೆಯ ಕುದುರೆಗಳು ಸರ್ಕಾರದ ಲಾಯ ಸೇರಿದವು. ತಳಿಯ ಯೋಗ್ಯತೆ ತೋರಿಸಲು ತುರ್ಕಮೆನ್ ಸವಾರರು 1935ರಲ್ಲಿ ಅಶ್ಗಾಬಾದಿನಿಂದ ಮಾಸ್ಕೊವರೆಗಿನ ನಾಲ್ಕು ಸಾವಿರ ಕಿಲೋಮೀಟರಿಗೂ ಮೀರಿದ ದಾರಿಯನ್ನು ಕಾರಾಕುಮ್ ದಾಟಿ 84 ದಿನಗಳಲ್ಲಿ ಕ್ರಮಿಸಿದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅಬ್ಸೆಂಟ್ ಎಂಬ ಕಪ್ಪು ಅಖಾಲ್-ತೆಕೆ ಕುದುರೆ ಡ್ರೆಸಾಜ್ ಸ್ಪರ್ಧೆಯ ಚಿನ್ನ ಗೆದ್ದಿತು.

ಗೋಕ್‌ದೆಪೆಯ ನೆನಪಿಗೆ ಮಾತ್ರ ಜಾಗವಿರಲಿಲ್ಲ. 1984ರಲ್ಲಿ ತುರ್ಕಮೆನರು ರಷ್ಯವನ್ನು ಸ್ವಇಚ್ಛೆಯಿಂದ ಸೇರಿದ ನೂರನೇ ವರ್ಷವೆಂದು ಸರ್ಕಾರಿ ಆಚರಣೆ ನಡೆಯಿತು. ಅದಕ್ಕೆ ಆಧಾರವಾಗಿ ತೋರಿಸಿದ್ದು ಮರ್ವಿನ ಶರಣಾಗತಿ. ಮೂರು ವರ್ಷ ಹಿಂದಿನ ಕೋಟೆಯ ಹೆಣಗಳನ್ನು ಆ ಲೆಕ್ಕದಿಂದ ಬಿಟ್ಟಿದ್ದರು. ಜನ ಬಹಿರಂಗವಾಗಿ ಸತ್ತವರಿಗೆ ದುಃಖಿಸಲು ಸೋವಿಯತ್ ಒಕ್ಕೂಟದ ಕೊನೆಯ ದಿನಗಳವರೆಗೂ ಕಾಯಬೇಕಾಯಿತು. 1991ರಲ್ಲಿ ದೇಶ ಸ್ವತಂತ್ರವಾಯಿತು. ಹೊಸ ಧ್ವಜದ ಕೆಂಪು ಪಟ್ಟಿಯಲ್ಲಿ ಐದು ಗೋಲ್‌ಗಳು ಕುಳಿತವು, ಲಾಂಛನದ ನಡುವೆ ಅಖಾಲ್-ತೆಕೆ ಕುದುರೆ ಬಂತು. ಗೋಕ್‌ದೆಪೆಯ ಕೋಟೆಯ ಬದಿಯಲ್ಲಿ ನೀಲಿ ಗುಮ್ಮಟದ ದೊಡ್ಡ ಮಸೀದಿ ಎದ್ದಿತು. ಅದಕ್ಕೆ ಮೊದಲ ಅಧ್ಯಕ್ಷ ಸಪರ್‌ಮುರಾತ್ ನಿಯಾಜೊವ್ ಅವರ ಹೆಸರು. ನಿಯಾಜೊವ್ ತೆಕೆ ಕುಲದವರು, ಅವರ ನಂತರ ಬಂದ ಬೆರ್ದಿಮುಹಮೆದೊವ್ ತಂದೆ ಮಗನೂ ಅಖಾಲದ ತೆಕೆಯವರೇ. ಒಬ್ಬ ಖಾನನ ಮಾತನ್ನೂ ಕಡ್ಡಾಯವೆಂದು ಒಪ್ಪದ ಕುಲದ ನಾಡಿನಲ್ಲಿ ಈಗ ನಿಜವಾದ ವಿರೋಧ ಪಕ್ಷವಿಲ್ಲ, ಸ್ವತಂತ್ರ ಪತ್ರಿಕೆಯೂ ಇಲ್ಲ. ಕಂಬಳಿ ನೇಯ್ಗೆಯನ್ನು ಯುನೆಸ್ಕೊ 2019ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮೇ ತಿಂಗಳ ಕೊನೆಯ ಭಾನುವಾರ ಅಲ್ಲಿ ರತ್ನಗಂಬಳಿಗೇ ಮೀಸಲಾದ ಹಬ್ಬ. ನೇಯುವವರು ಈಗಲೂ ಹೆಂಗಸರೇ. ಅಶ್ಗಾಬಾದಿನ ವಸ್ತುಸಂಗ್ರಹಾಲಯದ ಗೋಡೆಗಳಲ್ಲಿ ತೆಕೆ ಗೋಲ್ ಉಳಿದ ಕುಲಗಳ ಗೋಲ್‌ಗಳ ಜೊತೆ ಸಾಲಾಗಿ ತೂಗುತ್ತದೆ.